ಲ್ಯಾಬಿನಲ್ಲಿ ಒಂದು ಉತ್ತರ, ಮನೆಯಲ್ಲಿ ಇನ್ನೊಂದು: ಫ್ರೀ ಪ್ರೋಗ್ರಾಮಿಂಗ್ ಸಾಫ್ಟ್‌ವೇರ್ ನಂಬಬಹುದಾ?

ಪ್ರಶ್ನೆ: ನಮ್ಮದು ತಿಪಟೂರು ಹತ್ತಿರದ ಹಳ್ಳಿ. ಮಗಳು ಈ ವರ್ಷ ಬಿಸಿಎ ಸೇರಿದ್ದಾಳೆ. ಮನೆಯಲ್ಲೂ ಪ್ರಾಕ್ಟೀಸ್ ಮಾಡಲಿ ಅಂತ ಒಂದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ತಂದೆವು. 4 ಜಿಬಿ ರ‍್ಯಾಮ್, ವಿಂಡೋಸ್ 10. ಸಿ, ಜಾವಾ, ಪೈಥಾನ್ ಎಲ್ಲ ಹಾಕಿಕೊಡಲು ಅಂಗಡಿಯವರು 2,500 ರೂಪಾಯಿ ಕೇಳಿದರು. ಹಾಕುವಾಗ ಆಂಟಿವೈರಸ್ ಆಫ್ ಮಾಡಬೇಕು, ಆಮೇಲೆ ಅಪ್‌ಡೇಟ್ ಮಾಡಬಾರದು ಅಂದರು. ಅಷ್ಟರಲ್ಲಿ ನಮ್ಮಣ್ಣನ ಮಗ ಇಂಟರ್‌ನೆಟ್‌ನಿಂದ ಫ್ರೀಯಾಗಿ ಸಿಗುವ ಕೋಡ್‌ಬ್ಲಾಕ್ಸ್ ಹಾಕಿಕೊಟ್ಟ. ಮೊನ್ನೆ ಮಗಳು ಅದರಲ್ಲಿ 8ರ ಫ್ಯಾಕ್ಟೋರಿಯಲ್ ಲೆಕ್ಕ ಮಾಡಿದಳು. ಮನೆಯಲ್ಲಿ 40320 ಬಂತು. ಅದೇ ಪ್ರೋಗ್ರಾಂ ಕಾಲೇಜಿನ ಟರ್ಬೊ ಸಿ‌ಯಲ್ಲಿ −25216 ಅಂತ ತೋರಿಸಿತಂತೆ. ಲ್ಯಾಬಿನ ಕೆಲವು ಪ್ರೋಗ್ರಾಂಗಳು ಮನೆಯಲ್ಲಿ ಓಡುವುದೇ ಇಲ್ಲ. ಫ್ರೀ ಸಾಫ್ಟ್‌ವೇರ್ ಅಂದ್ರೆ ಹೀಗೇನಾ? ಸ್ವಲ್ಪ ದಿನ ಆದಮೇಲೆ ದುಡ್ಡು ಕೇಳುತ್ತಾ? ಇದರಲ್ಲಿ ಕಲಿತರೆ ನಾಳೆ ಕೆಲಸಕ್ಕೆ ಬರುತ್ತಾ? 8ನೇ ಕ್ಲಾಸಿನ ಮಗನಿಗೂ ಪೈಥಾನ್ ಬೇಕಂತೆ. ಏನು ಮಾಡಲಿ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ನನಗೆ ತುಂಬ ಹಿಡಿಸಿದ್ದು ಆ ಎರಡು ಸಂಖ್ಯೆಗಳು. ಮೊದಲು ಅದನ್ನೇ ನೋಡೋಣ. ನಿಮ್ಮ ಆತಂಕಕ್ಕೆ ಅರ್ಧ ಉತ್ತರ ಅಲ್ಲೇ ಇದೆ.

ಒಂದು ಹಾಳೆ ತೆಗೆದುಕೊಳ್ಳಿ. 8ನ್ನು 7ರಿಂದ ಗುಣಿಸಿ, ಅದನ್ನು 6ರಿಂದ, ಹೀಗೆ 1ರವರೆಗೆ ಬನ್ನಿ. 40320 ಬರುತ್ತದೆ. ಅಂದರೆ ಮನೆಯಲ್ಲಿರುವ ಫ್ರೀ ಸಾಫ್ಟ್‌ವೇರ್ ಕೊಟ್ಟ ಉತ್ತರವೇ ಸರಿ. ತಪ್ಪಾಗಿದ್ದು ಲ್ಯಾಬಿನಲ್ಲಿ. ಎಂಟು ಸಂಖ್ಯೆಗಳನ್ನು ಗುಣಿಸಿದರೆ ಮೈನಸ್ ಬರಲು ಸಾಧ್ಯವೇ ಇಲ್ಲ, ಅಲ್ವಾ?

ಯಾಕೆ ಹಾಗಾಯಿತು? ಟರ್ಬೊ ಸಿ ಹುಟ್ಟಿದ್ದು 1987ರಲ್ಲಿ, ವಿಂಡೋಸ್ ಮನೆಮಾತಾಗುವ ಮುಂಚಿನ ಡಾಸ್ ಕಾಲದಲ್ಲಿ. ಅಮೆರಿಕದ ಬೋರ್ಲ್ಯಾಂಡ್ ಕಂಪನಿ ತಂದಿದ್ದು. ಆಗಿನ ಕಂಪ್ಯೂಟರಿಗೆ ತಕ್ಕಂತೆ ಅದು ಒಂದು ಪೂರ್ಣಾಂಕಕ್ಕೆ 16 ಬಿಟ್ ಜಾಗ ಕೊಡುತ್ತದೆ. ಬಿಟ್ ಅಂದರೆ 0 ಇಲ್ಲವೇ 1 ಕೂರುವ ಒಂದು ಮನೆ. ಅಷ್ಟು ಜಾಗದಲ್ಲಿ ಹಿಡಿಸುವ ದೊಡ್ಡ ಸಂಖ್ಯೆ 32767. ಅದಕ್ಕಿಂತ ಹೆಚ್ಚಾದರೆ ಎಣಿಕೆ ಸುತ್ತಿಕೊಂಡು ಮೈನಸ್ ಕಡೆಗೆ ಹೋಗುತ್ತದೆ. ಹಳೇ ಸ್ಕೂಟರಿನ ಕಿಲೋಮೀಟರ್ ಮೀಟರ್ 99999 ಆದಮೇಲೆ ಮತ್ತೆ 00000 ತೋರಿಸುತ್ತಿತ್ತಲ್ಲ, ಹಾಗೆ. 16 ಬಿಟ್ ಮೀಟರಿನ ಒಂದು ಸುತ್ತು ಅಂದರೆ 65536. 40320ರಿಂದ ಅದನ್ನು ಕಳೆದು ನೋಡಿ. −25216. ಲ್ಯಾಬಿನ ಪರದೆ ಮೇಲೆ ಬಂದ ಅದೇ ಸಂಖ್ಯೆ. ಮನೆಯ ಸಾಫ್ಟ್‌ವೇರ್ ಪೂರ್ಣಾಂಕಕ್ಕೆ 32 ಬಿಟ್ ಕೊಡುತ್ತದೆ. ಅಲ್ಲಿ 214 ಕೋಟಿಗೂ ಜಾಸ್ತಿ ಹಿಡಿಸುತ್ತದೆ.

ಹಾಗಂತ ಟರ್ಬೊ ಸಿ ಕೆಟ್ಟದ್ದು ಅನ್ನಲಾರೆ. ನಾನೂ ಕಲಿತಿದ್ದು ಅದರಲ್ಲೇ. ಆ ನೀಲಿ ಪರದೆ ಕಂಡರೆ ಈಗಲೂ ಪ್ರೀತಿ. ಆದರೆ ಅದು ತನ್ನ ಕಾಲದ್ದು. ತುಂಬ ಕಾಲೇಜುಗಳಲ್ಲಿ ಇನ್ನೂ ಉಳಿದುಕೊಂಡಿರುವುದಕ್ಕೆ ಕಾರಣಗಳಿವೆ. ಲ್ಯಾಬ್ ಮ್ಯಾನ್ಯುಯಲ್ ಅದಕ್ಕೇ ಬರೆದದ್ದು. ಹಿಂದಿನ ಬ್ಯಾಚಿನ ರೆಕಾರ್ಡ್ ನೋಡಿ ಮುಂದಿನವರು ಬರೆಯುತ್ತಾರೆ. ಪರೀಕ್ಷೆಗೆ ಬರುವವರಿಗೂ ಅದೇ ಅಭ್ಯಾಸ. ಇದರಿಂದ ಆಗಿರುವ ಒಂದು ತೊಂದರೆ ಅಂದರೆ, ಮಕ್ಕಳು ಟರ್ಬೊ ಸಿ ಅನ್ನೋದೇ ಸಿ ಭಾಷೆ ಅಂದುಕೊಂಡಿದ್ದಾರೆ.

ಭಾಷೆ ಬೇರೆ, ಸಾಫ್ಟ್‌ವೇರ್ ಬೇರೆ. ಸಿ ಅನ್ನೋದು 1970ರ ದಶಕದ ಶುರುವಿನಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ ರೂಪಿಸಿದ ಭಾಷೆ. ಅದಕ್ಕೆ ಅಂತರರಾಷ್ಟ್ರೀಯ ಮಟ್ಟದಲ್ಲಿ ಒಪ್ಪಿದ ವ್ಯಾಕರಣ ಇದೆ. ಕನ್ನಡ ಬರೆಯಲು ಯಾರಿಗೂ ದುಡ್ಡು ಕೊಡಬೇಕಿಲ್ಲ, ಬೇಕಾಗುವುದು ಪೆನ್ನು ಮತ್ತು ಪುಸ್ತಕ. ಇಲ್ಲೂ ಅಷ್ಟೇ. ಬರೆಯುವ ಪುಸ್ತಕಕ್ಕೆ ಎಡಿಟರ್ ಅನ್ನುತ್ತಾರೆ. ಬರೆದದ್ದನ್ನು ಕಂಪ್ಯೂಟರಿಗೆ ಅರ್ಥವಾಗುವಂತೆ ಮಾಡಿಕೊಡುವ ದುಭಾಷಿಗೆ ಕಂಪೈಲರ್. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಇಟ್ಟುಕೊಟ್ಟದ್ದು ಟರ್ಬೊ ಸಿ. ಕೋಡ್‌ಬ್ಲಾಕ್ಸ್ ಕೂಡ ಅಂಥದ್ದೇ. ಅದರೊಳಗಿನ ಕಂಪೈಲರ್ ಹೆಸರು ಜಿಸಿಸಿ.

ಜಿಸಿಸಿ ಕಥೆ ನಿಮಗೆ ಗೊತ್ತಿರಲಿ. ಯಾಕೆಂದರೆ "ಫ್ರೀ ಅಂದ್ರೆ ಕಳಪೆ" ಅನ್ನುವ ಭಯ ಹೋಗುವುದು ಇದರಿಂದಲೇ. ಸಾಫ್ಟ್‌ವೇರನ್ನು ಎಲ್ಲರೂ ಬಳಸಲು, ಒಳಗೇನಿದೆ ಎಂದು ಓದಲು, ತಿದ್ದಲು, ಹಂಚಲು ಬಿಡಬೇಕು ಅಂತ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನೂ ಅನ್ನುವ ಯೋಜನೆ ಸಾರಿದರು. ಅದರ ಕಂಪೈಲರ್ ಆಗಿ ಜಿಸಿಸಿ 1987ರಲ್ಲಿ ಹೊರಬಂತು. ನೋಡಿ, ಟರ್ಬೊ ಸಿ ಬಂದ ವರ್ಷವೇ. ಒಂದು ಅಲ್ಲೇ ನಿಂತಿತು, ಇನ್ನೊಂದನ್ನು ಪ್ರಪಂಚದ ಸಾವಿರಾರು ಜನ ಇವತ್ತಿನವರೆಗೂ ತಿದ್ದುತ್ತಲೇ ಇದ್ದಾರೆ. 1991ರಲ್ಲಿ ಲೀನಸ್ ಟೊರ್ವಾಲ್ಡ್ಸ್, ವಿಂಡೋಸಿನ ಹಾಗೆ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಶುರು ಮಾಡಿದಾಗ ಅದನ್ನು ಕಟ್ಟಿದ್ದು ಜಿಸಿಸಿ ಬಳಸಿಯೇ. ನಿಮ್ಮ ಜೇಬಿನ ಆಂಡ್ರಾಯ್ಡ್ ಫೋನಿನ ಒಳಗೂ ಲಿನಕ್ಸ್ ಇದೆ. ಕೆಲಸಕ್ಕೆ ಬರುತ್ತಾ ಅಂತ ಕೇಳಿದ್ದೀರಿ. ಕಂಪನಿಗಳಲ್ಲಿ ದಿನಾ ಬಳಸುವುದು ಇಂಥವನ್ನೇ. ಇಂಟರ್‌ವ್ಯೂನಲ್ಲಿ ಟರ್ಬೊ ಸಿ ಬರುತ್ತಾ ಅಂತ ಕೇಳಿದ್ದನ್ನು ನನ್ನ ಯಾವ ಹಳೇ ವಿದ್ಯಾರ್ಥಿಯೂ ಬಂದು ಹೇಳಿಲ್ಲ.

ಕನ್ನಡದಲ್ಲಿ ನಮಗೆ ಒಂದು ಅನುಕೂಲ ಇದೆ. ಉಚಿತ ಅಂದರೆ ದುಡ್ಡಿಲ್ಲದ್ದು, ಮುಕ್ತ ಅಂದರೆ ಕಟ್ಟಿಹಾಕದ್ದು. ಎರಡು ಬೇರೆ ಮಾತುಗಳಿವೆ. ಜಿಸಿಸಿ, ಪೈಥಾನ್, ಕೋಡ್‌ಬ್ಲಾಕ್ಸ್ ಎಲ್ಲ ಮುಕ್ತವೂ ಹೌದು, ಉಚಿತವೂ ಹೌದು. 30 ದಿನ ಆದಮೇಲೆ ದುಡ್ಡು ಕೇಳುವ ಪ್ರಶ್ನೆಯೇ ಇಲ್ಲ. ಇನ್ನು ಕೆಲವು ಉಚಿತ ಮಾತ್ರ. ಮೈಕ್ರೋಸಾಫ್ಟಿನ ವಿಷುವಲ್ ಸ್ಟುಡಿಯೊ ಕಮ್ಯುನಿಟಿ ಹಾಗೆ. ವಿದ್ಯಾರ್ಥಿಗಳಿಗೆ ದುಡ್ಡಿಲ್ಲ, ಆದರೆ ಷರತ್ತು ಕಂಪನಿಯದ್ದು. ಅದನ್ನೂ ಧೈರ್ಯವಾಗಿ ಬಳಸಬಹುದು. ನಿಮ್ಮ 4 ಜಿಬಿ ಕಂಪ್ಯೂಟರಿಗೆ ಮಾತ್ರ ಅದು ಭಾರ.

ಮೂರನೆಯದು ಕ್ರ್ಯಾಕ್ ಮಾಡಿದ್ದು. ದುಡ್ಡು ಕೊಟ್ಟು ಕೊಳ್ಳಬೇಕಾದ್ದನ್ನು ಬೀಗ ಒಡೆದು ಹಂಚುವುದು. "ಆಂಟಿವೈರಸ್ ಆಫ್ ಮಾಡಿ, ಅಪ್‌ಡೇಟ್ ಮಾಡಬೇಡಿ" ಅನ್ನುವ ಮಾತು ಬಂದರೆ ಸಾಮಾನ್ಯವಾಗಿ ಇದೇ ಅಂತ ತಿಳಿಯಿರಿ. ನಿಮ್ಮ ಅಂಗಡಿಯವರ ಬಳಿ ಇರುವುದು ಏನು ಅಂತ ನಾನು ಕಂಡಿಲ್ಲ. ಆದರೆ ಸಿ, ಜಾವಾ, ಪೈಥಾನ್ ಕಲಿಯಲು ಕ್ರ್ಯಾಕ್ ಮಾಡಬೇಕಾದ ಸಾಫ್ಟ್‌ವೇರ್ ಒಂದೂ ಬೇಕಿಲ್ಲ. ಹಾಗಾಗಿ ಆ ಷರತ್ತಿಗೆ ಒಪ್ಪಬೇಡಿ. ಕೂತು ಹಾಕಿಕೊಟ್ಟ ಶ್ರಮಕ್ಕೆ ಕೂಲಿ ಕೇಳಿದರೆ ಅದು ನ್ಯಾಯ. ಸಾಫ್ಟ್‌ವೇರಿನ ಬೆಲೆ ಅಂತ 2,500 ಕೇಳಿದರೆ ಕೊಡಬೇಡಿ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಹತ್ತು ಹನ್ನೆರಡು ವರ್ಷದ ಹಿಂದೆ ನಾನು ನೋಡಿಕೊಳ್ಳುತ್ತಿದ್ದ ಲ್ಯಾಬಿಗೆ ಒಬ್ಬ ಹುಡುಗ ಎಲ್ಲಿಂದಲೋ ಪೆನ್‌ಡ್ರೈವಿನಲ್ಲಿ "ಎಲ್ಲ ಸಾಫ್ಟ್‌ವೇರ್ ಒಂದರಲ್ಲೇ" ಅನ್ನುವಂಥದ್ದು ತಂದ. ಅವನದೇನೂ ತಪ್ಪಿರಲಿಲ್ಲ, ಗೆಳೆಯರಿಗೆ ಸಹಾಯ ಆಗಲಿ ಅಂತ ತಂದಿದ್ದ. ಸಂಜೆಯೊಳಗೆ ಒಂದೊಂದೇ ಕಂಪ್ಯೂಟರಿನಲ್ಲಿ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿಬಿಟ್ಟವು. ಪ್ರಾಕ್ಟಿಕಲ್ ಪರೀಕ್ಷೆಗೆ ನಾಲ್ಕು ದಿನ ಇತ್ತು. ಫೈಲುಗಳು ಅಳಿಸಿಹೋಗಿರಲಿಲ್ಲ, ವೈರಸ್ ಬಚ್ಚಿಟ್ಟಿತ್ತು. ಆದರೂ ಎರಡು ರಾತ್ರಿ ಕೂತು ಎಲ್ಲ ಸ್ವಚ್ಛ ಮಾಡಬೇಕಾಯಿತು. ಒಬ್ಬಳು ಹುಡುಗಿ ತನ್ನ ಪ್ರಾಜೆಕ್ಟ್ ಹೋಯಿತು ಅಂತ ಅಳುತ್ತಾ ನಿಂತಿದ್ದು ಇನ್ನೂ ಕಣ್ಣ ಮುಂದಿದೆ. ನಿಮ್ಮ ಮನೆ ಕಂಪ್ಯೂಟರಿನಲ್ಲಿ ನಾಳೆ ಬ್ಯಾಂಕಿನ ಕೆಲಸವೂ ನಡೆಯುತ್ತದೆ. ಈಗಿನ ವೈರಸ್‌ಗಳು ಹುಡುಕುವುದು ಅದರ ಪಾಸ್‌ವರ್ಡನ್ನೇ.

ಹಾಗಾದರೆ ಫ್ರೀ ಸಾಫ್ಟ್‌ವೇರಿನಲ್ಲಿ ಅಪಾಯವೇ ಇಲ್ಲವಾ? ಇದೆ. ಎಲ್ಲಿಂದ ಇಳಿಸಿಕೊಳ್ಳುತ್ತೀರಿ ಅನ್ನುವುದರಲ್ಲಿ ಇದೆ. ಗೂಗಲ್‌ನಲ್ಲಿ ಹುಡುಕಿದಾಗ ಮೊದಲು ಕಾಣುವುದು ಎಷ್ಟೋ ಸಲ ಜಾಹೀರಾತು. ಹಸಿರು ಬಣ್ಣದ ದೊಡ್ಡ ಡೌನ್‌ಲೋಡ್ ಬಟನ್ ಒತ್ತಿದರೆ ಬೇರೇನೋ ಇಳಿಯುತ್ತದೆ. ಪೈಥಾನ್ ಬೇಕಾದರೆ ಪೈಥಾನ್ ಡಾಟ್ ಆರ್ಗ್ ಅಂತ ವಿಳಾಸ ನೀವೇ ಟೈಪ್ ಮಾಡಿ. ಕೋಡ್‌ಬ್ಲಾಕ್ಸ್‌ಗೆ ಕೋಡ್‌ಬ್ಲಾಕ್ಸ್ ಡಾಟ್ ಆರ್ಗ್. ಅದು ಫೈಲಿಗಾಗಿ ಸೋರ್ಸ್‌ಫೋರ್ಜ್ ಅನ್ನುವ ಜಾಗಕ್ಕೆ ಕರೆದುಕೊಂಡು ಹೋಗಬಹುದು, ಗಾಬರಿ ಬೇಡ.

ಕೋಡ್‌ಬ್ಲಾಕ್ಸ್ ಇಳಿಸುವಾಗ ಮಕ್ಕಳು ಎಡವುವ ಜಾಗ ಒಂದೇ. ಅಲ್ಲಿ ಹೆಸರು ಹೆಚ್ಚುಕಮ್ಮಿ ಒಂದೇ ಇರುವ ಹಲವು ಫೈಲುಗಳಿವೆ. ಹೆಸರಿನಲ್ಲಿ ಎಂ, ಐ, ಎನ್, ಜಿ, ಡಬ್ಲ್ಯು ಅನ್ನುವ ಐದು ಅಕ್ಷರ ಒಟ್ಟಿಗೆ ಇರುವುದನ್ನೇ ಆರಿಸಬೇಕು. ಅದರೊಳಗೆ ಕಂಪೈಲರ್ ಇರುತ್ತದೆ. ಉಳಿದವುಗಳಲ್ಲಿ ಬರೆಯುವ ಪುಸ್ತಕ ಇದೆ, ದುಭಾಷಿ ಇಲ್ಲ. ಆಗ ಕಂಪೈಲರ್ ಸಿಗುತ್ತಿಲ್ಲ ಅಂತ ಎರರ್ ಬರುತ್ತದೆ. ಮಕ್ಕಳು ಸಾಫ್ಟ್‌ವೇರೇ ಕೆಟ್ಟಿದೆ ಅಂದುಕೊಂಡು ಕೈಬಿಡುತ್ತಾರೆ. ನಿಮ್ಮಲ್ಲಿ ಲೆಕ್ಕ ಓಡಿದೆ ಅಂದರೆ ನಿಮ್ಮಣ್ಣನ ಮಗ ಸರಿಯಾದದ್ದನ್ನೇ ಹಾಕಿದ್ದಾನೆ. ವಿಎಸ್ ಕೋಡ್ ವಿಷಯದಲ್ಲೂ ಇದೇ ಗೊಂದಲ. ಅದು ಬಲು ಚೆನ್ನಾದ ಎಡಿಟರ್, ಆದರೆ ಬರೀ ಎಡಿಟರ್. ಮೊದಲ ವರ್ಷಕ್ಕೆ ಅದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಸೆಟ್ಟಿಂಗ್ ಮಾಡುವುದರಲ್ಲೇ ಒಂದು ವಾರ ಹೋಗುತ್ತದೆ.

ಇನ್ನೆರಡು ಸಣ್ಣ ಕಾಟಗಳಿವೆ. ಪ್ರೋಗ್ರಾಂ ಓಡಿಸಿದಾಗ ತೆರೆಯುವ ಕಪ್ಪು ಕಿಟಕಿಯನ್ನು ಮುಚ್ಚದೆ ಮತ್ತೆ ಓಡಿಸಹೋದರೆ "ಪರ್ಮಿಷನ್ ಡಿನೈಡ್" ಅನ್ನುತ್ತದೆ. ಕಪ್ಪು ಕಿಟಕಿ ಮುಚ್ಚಿ, ಸರಿಹೋಗುತ್ತದೆ. ಇನ್ನೊಂದು, ಆಗತಾನೇ ಹುಟ್ಟಿದ ಪ್ರೋಗ್ರಾಮನ್ನು ಆಂಟಿವೈರಸ್ ಕೆಲವು ಸಲ ಅನುಮಾನದಿಂದ ತಡೆಯುತ್ತದೆ. ಆಗ ಆಂಟಿವೈರಸ್ ಆಫ್ ಮಾಡಬೇಡಿ. ಮಗಳ ಪ್ರೋಗ್ರಾಂಗಳಿರುವ ಆ ಒಂದು ಫೋಲ್ಡರಿಗೆ ಮಾತ್ರ ವಿನಾಯಿತಿ ಕೊಡಿ. ಆ ಫೋಲ್ಡರಿಗೆ ಹೊರಗಿನ ಫೈಲ್ ಏನನ್ನೂ ಹಾಕಬಾರದು.

ಈಗ ಲ್ಯಾಬಿನ ಪ್ರೋಗ್ರಾಂ ಮನೆಯಲ್ಲಿ ಯಾಕೆ ಓಡುವುದಿಲ್ಲ ಅನ್ನುವುದು. ಲ್ಯಾಬಿನಲ್ಲಿ ಮೊದಲ ಸಾಲಿಗೇ ಕೋನಿಯೊ ಡಾಟ್ ಎಚ್ ಅಂತ ಬರೆಸುತ್ತಾರೆ, ಆಮೇಲೆ ಪರದೆ ಒರೆಸುವ ಕ್ಲಿಯರ್ ಸ್ಕ್ರೀನ್, ಕೊನೆಗೆ ಒಂದು ಕೀ ಒತ್ತುವವರೆಗೆ ಪರದೆ ನಿಲ್ಲಿಸುವ ಗೆಟ್ಚ್. ಇವು ಸಿ ಭಾಷೆಯ ವ್ಯಾಕರಣದಲ್ಲಿ ಇಲ್ಲ. ಡಾಸ್ ಕಾಲದ ಸಾಫ್ಟ್‌ವೇರುಗಳು ಸೇರಿಸಿಕೊಂಡ ಅನುಕೂಲ. ವಿಂಡೋಸಿನ ಜಿಸಿಸಿಗೆ ಗೆಟ್ಚ್ ಗೊತ್ತು, ಕ್ಲಿಯರ್ ಸ್ಕ್ರೀನ್ ಗೊತ್ತಿಲ್ಲ. ಹಾಗಾಗಿ ಅಲ್ಲೇ ನಿಲ್ಲುತ್ತದೆ. ಕ್ಲಿಯರ್ ಸ್ಕ್ರೀನ್ ಸಾಲನ್ನು ಅಳಿಸಿದರೆ ಸಾಕು, ಎಷ್ಟೋ ಪ್ರೋಗ್ರಾಂಗಳು ಓಡುತ್ತವೆ. ಗೆಟ್ಚ್ ಕೂಡ ಬೇಕಿಲ್ಲ, ಕೋಡ್‌ಬ್ಲಾಕ್ಸ್ ತಾನೇ ಕಿಟಕಿಯನ್ನು ಹಿಡಿದು ನಿಲ್ಲಿಸುತ್ತದೆ. ವಾಯ್ಡ್ ಮೇನ್ ಬದಲು ಇಂಟ್ ಮೇನ್ ಅಂತ ಬರೆದು, ಕೊನೆಗೆ ರಿಟರ್ನ್ ಸೊನ್ನೆ ಹಾಕುವ ಅಭ್ಯಾಸ ಮಾಡಿಕೊಳ್ಳಲಿ. ಟರ್ಬೊ ಸಿ‌ಯೂ ಅದನ್ನು ಒಪ್ಪುತ್ತದೆ.

ತಿರುಗಾ ಮುರುಗಾ ತೊಂದರೆಯೂ ಇದೆ. ಇದನ್ನು ಪರೀಕ್ಷೆಗೆ ಮುಂಚೆಯೇ ತಿಳಿದಿರುವುದು ಒಳ್ಳೆಯದು. ಜಿಸಿಸಿಯಲ್ಲಿ ವೇರಿಯಬಲ್ಲನ್ನು, ಅಂದರೆ ಸಂಖ್ಯೆ ಇಟ್ಟುಕೊಳ್ಳುವ ಹೆಸರನ್ನು, ಬೇಕಾದ ಕಡೆ, ಫಾರ್ ಲೂಪಿನ ಬಾಯೊಳಗೂ ಡಿಕ್ಲೇರ್ ಮಾಡಬಹುದು. ಟರ್ಬೊ ಸಿ‌ಯಲ್ಲಿ ಸಿ ಪ್ರೋಗ್ರಾಂ ಆದರೆ ಎಲ್ಲವನ್ನೂ ಮೇಲೇ ಡಿಕ್ಲೇರ್ ಮಾಡಿರಬೇಕು. ಮನೆಯಲ್ಲಿ ಸಲೀಸಾಗಿ ಓಡಿದ್ದು ಪರೀಕ್ಷೆಯಲ್ಲಿ ಎರರ್ ಕೊಟ್ಟರೆ ಮಕ್ಕಳು ಬೆವರುತ್ತಾರೆ. ಆದ್ದರಿಂದ ವೇರಿಯಬಲ್ ಎಲ್ಲ ಮೇಲೇ ಬರೆಯಲಿ, ದೊಡ್ಡ ಸಂಖ್ಯೆ ಬರುವ ಕಡೆ ಇಂಟ್ ಬದಲು ಲಾಂಗ್ ಹಾಕಲಿ. ಲಾಂಗ್ ಹಾಕಿದರೆ ಪ್ರಿಂಟ್ಎಫ್ ಒಳಗಿನ ಪರ್ಸೆಂಟ್ ಡಿ‌ಯನ್ನೂ ಪರ್ಸೆಂಟ್ ಎಲ್‌ಡಿ ಮಾಡಬೇಕು. ಮರೆತರೆ ಲೆಕ್ಕ ಸರಿಯಿದ್ದರೂ ತಪ್ಪೇ ಕಾಣುತ್ತದೆ. ಹೀಗೆ ಬರೆದ ಪ್ರೋಗ್ರಾಂ ಎರಡೂ ಕಡೆ ಒಂದೇ ಉತ್ತರ ಕೊಡುತ್ತದೆ.

ಪರೀಕ್ಷೆಗೆ ಮುಂಚೆ ಆ ನೀಲಿ ಪರದೆಯಲ್ಲೇ ಅಭ್ಯಾಸ ಬೇಕು ಅನ್ನಿಸಿದರೆ ಅದಕ್ಕೂ ದಾರಿ ಇದೆ. ಟರ್ಬೊ ಸಿ 16 ಬಿಟ್‌ನದ್ದು, 64 ಬಿಟ್ ವಿಂಡೋಸಿನಲ್ಲಿ ನೇರವಾಗಿ ಓಡುವುದಿಲ್ಲ. ಡಾಸ್‌ಬಾಕ್ಸ್ ಅನ್ನುವ ಮುಕ್ತ ಸಾಫ್ಟ್‌ವೇರ್ ಹಳೇ ಡಾಸ್ ಕಂಪ್ಯೂಟರಿನ ವೇಷ ಹಾಕುತ್ತದೆ, ಅದರೊಳಗೆ ಓಡುತ್ತದೆ. ಬೋರ್ಲ್ಯಾಂಡ್ ಕಂಪನಿ ತನ್ನ ಹಳೇ ಟರ್ಬೊ ಸಿ 2.01 ಮತ್ತು ಟರ್ಬೊ ಸಿ ಪ್ಲಸ್ ಪ್ಲಸ್ 1.01ನ್ನು ಮುಂದೆ ತಾನಾಗಿಯೇ ಉಚಿತವಾಗಿ ಕೊಟ್ಟಿತು. ಆದರೆ ಹೆಚ್ಚಿನ ಲ್ಯಾಬುಗಳಲ್ಲಿರುವ 3.0 ಆ ಪಟ್ಟಿಯಲ್ಲಿ ಇರಲಿಲ್ಲ. ಇಂಟರ್‌ನೆಟ್‌ನಲ್ಲಿ ಹರಿದಾಡುವ ಟರ್ಬೊ ಸಿ ಕಟ್ಟುಗಳನ್ನು ಯಾರು ಯಾರೋ ಕಟ್ಟಿ ಹಂಚಿದ್ದಾರೆ. ಹಾಗಾಗಿ ಅದನ್ನು ಹಾಕಲು ನಾನು ಹೇಳುವುದಿಲ್ಲ. ವಾರಕ್ಕೆ ಎರಡು ದಿನ ಲ್ಯಾಬ್ ಇದ್ದರೆ ಆ ಪರದೆಯ ಅಭ್ಯಾಸ ಅಲ್ಲೇ ಆಗುತ್ತದೆ. ಔಟ್‌ಪುಟ್ ನೋಡಲು ಆಲ್ಟ್ ಮತ್ತು ಎಫ್5 ಒಟ್ಟಿಗೆ ಒತ್ತಬೇಕು ಅನ್ನುವುದು ನೆನಪಿದ್ದರೆ ಸಾಕು.

ಜಾವಾ ಮುಂದಿನ ಸೆಮಿಸ್ಟರುಗಳಲ್ಲಿ ಬರಬಹುದು. ಆಗ ಜಾವಾ ಕಂಪೈಲರ್ ಇರುವ ಓಪನ್ ಜೆಡಿಕೆ ಅನ್ನುವ ಮುಕ್ತ ಸಾಫ್ಟ್‌ವೇರ್ ಸಾಕು. ಅಡಾಪ್ಟಿಯಂ ಡಾಟ್ ನೆಟ್‌ನಲ್ಲಿ ಟೆಮುರಿನ್ ಅನ್ನುವ ಹೆಸರಿನಲ್ಲಿ ಸಿಗುತ್ತದೆ. ಬರೆಯಲು ಬ್ಲೂಜೆ ಹಾಕಿಕೊಳ್ಳಲಿ. ಕಲಿಯುವವರಿಗೆಂದೇ ಮೇಷ್ಟ್ರುಗಳು ಮಾಡಿದ್ದು ಅದು. ಈಗಲೇ ಎಲ್ಲ ತುಂಬಿಸಿಡುವುದು ಬೇಡ.

ಕಂಪ್ಯೂಟರಿನ ಬಗ್ಗೆ ಒಂದು ಮಾತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಾಳೆಯೇ ನಿಂತುಹೋಗುತ್ತದೆ ಅಂತಲ್ಲ. ಆದರೆ ರಕ್ಷಣೆ ದಿನೇ ದಿನೇ ಕಡಿಮೆಯಾಗುತ್ತದೆ. ಇಂಥ ಹಳೇ ಕಂಪ್ಯೂಟರಿಗೆ, ವಿಂಡೋಸ್ ಬದಲು ಹಾಕಬಹುದಾದ ಲಿನಕ್ಸ್ ಮಿಂಟ್ ಒಳ್ಳೆಯ ಜೊತೆ. 2 ಜಿಬಿ ರ‍್ಯಾಮ್ ಇದ್ದರೂ ನಡೆಯುತ್ತದೆ, 4 ಇದ್ದರೆ ಆರಾಮ. ಪೈಥಾನ್ ಅದರಲ್ಲೇ ಇರುತ್ತದೆ. ಜಿಸಿಸಿಯನ್ನು ಒಂದೇ ಸಾಲಿನ ಆಜ್ಞೆ ಕೊಟ್ಟು ಸೇರಿಸಿಕೊಳ್ಳಬಹುದು. ಮೊದಲು ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಬಹುದು, ಹಾರ್ಡ್‌ಡಿಸ್ಕ್ ಮುಟ್ಟುವುದಿಲ್ಲ. ಇಷ್ಟವಾದರೆ ಮಾತ್ರ ಇನ್‌ಸ್ಟಾಲ್. ಇಲ್ಲಿ ನಿಜವಾದ ಅಪಾಯ ಒಂದಿದೆ. ಇನ್‌ಸ್ಟಾಲ್ ಮಾಡುವಾಗ ಡಿಸ್ಕ್ ಪೂರ್ತಿ ಅಳಿಸುವ ಆಯ್ಕೆ ಒತ್ತಿಬಿಟ್ಟರೆ ಫೋಟೊ, ಮಾರ್ಕ್ಸ್ ಕಾರ್ಡ್ ಸ್ಕ್ಯಾನ್ ಎಲ್ಲ ಹೋಗುತ್ತವೆ. ಬೇರೆ ಕಡೆ ಕಾಪಿ ಇಟ್ಟುಕೊಳ್ಳದೆ ಅದಕ್ಕೆ ಕೈ ಹಾಕಬೇಡಿ. ಪರೀಕ್ಷೆ ಹತ್ತಿರ ಇರುವಾಗಲಂತೂ ಬೇಡವೇ ಬೇಡ. ರಜೆಯಲ್ಲಿ ಮಾಡಿ.

ಮೊಬೈಲಿನಲ್ಲಿ, ಬ್ರೌಸರಿನಲ್ಲಿ ಓಡುವ ಕಂಪೈಲರ್‌ಗಳೂ ಇವೆ. ಬಸ್ಸಿನಲ್ಲಿ ಕೂತು ಒಂದು ಸಣ್ಣ ಲೆಕ್ಕ ಪರೀಕ್ಷಿಸಲು ಚೆನ್ನ. ನಿಮ್ಮ ಕಡೆ ನೆಟ್‌ವರ್ಕ್ ಬಂದು ಹೋಗಿ ಮಾಡುತ್ತಿದ್ದರೆ ಅದನ್ನೇ ನಂಬಿ ಕೂರಬೇಡಿ.

ಇನ್ನು ಮಗ. 8ನೇ ಕ್ಲಾಸಿಗೆ ಪೈಥಾನ್ ಧಾರಾಳವಾಗಿ ಶುರು ಮಾಡಬಹುದು. ಡೌನ್‌ಲೋಡ್ 30 ಎಂಬಿ ಆಸುಪಾಸು, ಫೋನಿನ ಡೇಟಾದಲ್ಲೇ ಆಗುತ್ತದೆ. ಇನ್‌ಸ್ಟಾಲ್ ಮಾಡುವಾಗ ಮೊದಲ ಪರದೆಯ ಕೆಳಗೆ ಪಾತ್, ಅಂದರೆ ಪೈಥಾನ್ ಎಲ್ಲಿದೆ ಅಂತ ಕಂಪ್ಯೂಟರಿಗೆ ತಿಳಿಸುವ ದಾರಿಯ ಬಗ್ಗೆ, ಸಾಮಾನ್ಯವಾಗಿ ಒಂದು ಸಣ್ಣ ಚೌಕ ಇರುತ್ತದೆ. ಅದಕ್ಕೆ ಟಿಕ್ ಹಾಕುವುದನ್ನು ಮರೆಯಬಾರದು. ಮರೆತರೆ ಕಮಾಂಡ್ ಪ್ರಾಂಪ್ಟಿನಲ್ಲಿ ಕರೆದಾಗ ಪೈಥಾನ್ ಸಿಗುವುದೇ ಇಲ್ಲ. ಜೊತೆಗೇ ಐಡಲ್ ಅನ್ನುವ ಎಡಿಟರ್ ಬರುತ್ತದೆ, ಬೇರೇನೂ ಬೇಡ. ಪೈಥಾನ್ 3ರಲ್ಲಿ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು ಅನ್ನುವುದು ಅವನಿಗೆ ಖುಷಿ ಕೊಡುತ್ತದೆ. ಹೀಗೆ ಬರೆಯಲಿ:

ಕಾಯಿ = 40
ಎಳನೀರು = 12
ಮೊತ್ತ = ಕಾಯಿ + ಎಳನೀರು

ಆಮೇಲೆ "ಮೊತ್ತ" ಅಂತ ಟೈಪ್ ಮಾಡಿ ಎಂಟರ್ ಒತ್ತಿದರೆ 52 ಅನ್ನುತ್ತದೆ. ಅಂಕಿಗಳು ಮಾತ್ರ ಮಾಮೂಲಿ 1, 2, 3 ಇರಲಿ. ಈ ಸಂತೋಷ ನಮ್ಮ ಕಾಲಕ್ಕೆ ಇರಲಿಲ್ಲ.

ಹೇಳಿಕೊಡುವವರು ಯಾರು ಅನ್ನುವ ಚಿಂತೆ ಇದ್ದರೆ, ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಅನ್ನು ಹುಡುಕಿ. ಮುಕ್ತ ಸಾಫ್ಟ್‌ವೇರ್ ಕಲಿಸುವ ಚಿಕ್ಕ ಚಿಕ್ಕ ವೀಡಿಯೊಗಳು. ಅವುಗಳಲ್ಲಿ ಕನ್ನಡ ಧ್ವನಿ ಇರುವವೂ ಇವೆ. ನೋಡುವುದಕ್ಕೆ ದುಡ್ಡಿಲ್ಲ. ಒಂದು ಪಾಠ ನೋಡಿ, ನಿಲ್ಲಿಸಿ, ತಾನೇ ಟೈಪ್ ಮಾಡಿ, ಮತ್ತೆ ಮುಂದೆ ಹೋಗಬೇಕು. ಸುಮ್ನೆ ನೋಡುತ್ತಾ ಹೋದರೆ ಏನೂ ಅಂಟುವುದಿಲ್ಲ.

ಇವತ್ತು ಸಂಜೆ ಒಂದು ಕೆಲಸ ಮಾಡಿ. ಮಗಳು ಅದೇ ಪ್ರೋಗ್ರಾಂ ತೆಗೆದು 8ರ ಬದಲು 13 ಕೊಡಲಿ. ಮನೆಯ ಕೋಡ್‌ಬ್ಲಾಕ್ಸ್ ಈ ಸಲ 1932053504 ಅನ್ನುತ್ತದೆ. ಅದು ತಪ್ಪು. 32 ಬಿಟ್‌ಗೂ ಒಂದು ಮೇರೆ ಇದೆ ಅಂತ ಆಯಿತಲ್ಲ. ಅವಳ ತಮ್ಮನು ಪೈಥಾನಿನಲ್ಲಿ ಅದೇ ಲೆಕ್ಕ ಮಾಡಿದರೆ 6227020800 ಬರುತ್ತದೆ. ಅದು ಸರಿ. ಪೈಥಾನ್ ಸಂಖ್ಯೆ ಬೆಳೆದಂತೆ ಜಾಗವನ್ನೂ ಬೆಳೆಸುತ್ತದೆ. ಸ್ಕೂಟರ್ ಮೀಟರಿನ ವಿಷಯ ನೀವು ಮೊದಲೇ ಹೇಳಬೇಡಿ. ಅಕ್ಕ ತಮ್ಮ ಇಬ್ಬರೂ ಕೂತು, ತನ್ನದು ಯಾಕೆ ತಪ್ಪಿತು ಅಂತ ಅವಳೇ ಕಂಡುಹಿಡಿಯಲಿ.